ಒಂದು ರಾತ್ರಿ ಮಲಗಿಸಿಕೊಳ್ಳಿ ಸಾರ್

ಆ ಮಾತು ಆಡಿ ಎರಡು ವರ್ಷವಾಗುತ್ತ ಬಂತು. ಈಗಲೂ ಸ್ನಾನ ಮಾಡುವಾಗಲೋ ಸಿಗ್ನಲ್ಲಿನಲ್ಲಿ ನಿಂತಾಗಲೋ ನೆನಪಾದರೆ ಕಿವಿ ಬಿಸಿಯಾಗುತ್ತದೆ. ತಿಪಟೂರಿನಲ್ಲಿ ಬಿ.ಎಚ್. ರೋಡಿನಿಂದ ಒಳಕ್ಕೆ ತಿರುಗಿದರೆ ಸಿಗುವ ಸಣ್ಣ ಕ್ಲಿನಿಕ್ಕು. ಅಮ್ಮನನ್ನು ಇಪ್ಪತ್ತು ವರ್ಷದಿಂದ ನೋಡುತ್ತಿರುವ ಡಾಕ್ಟರ ಎದುರು ಕೂತು ನಾನು ಹೇಳಿದ್ದು ಇಷ್ಟು: “ಒಂದು ರಾತ್ರಿ ಎಲ್ಲಾದ್ರೂ ಮಲಗಿಸಿಕೊಳ್ಳೋ ಹಾಗೆ ಬರೆದುಕೊಡಿ ಸಾರ್. ಕಾರ್ಡಲ್ಲೇ ಎಲ್ಲ ಟೆಸ್ಟೂ ಆಗಿಹೋಗುತ್ತೆ.”

ಅಮ್ಮ ಪಕ್ಕದಲ್ಲೇ ಇದ್ದಳು. ಅವಳಿಗಿದ್ದದ್ದು ಶುಗರ್ರು, ಬಿಪಿ, ಮಂಡಿನೋವು. ಮನೆಯಿಂದ ನಡೆದುಕೊಂಡೇ ಬಂದಿದ್ದಳು.

ಕಾರ್ಡಿನ ಮೇಲೆ ನನಗೆ ಅಷ್ಟು ನಂಬಿಕೆ ಹುಟ್ಟಿದ್ದು ಅಪ್ಪನಿಂದ. ಅಪ್ಪ ಊರಿನ ಹಾಲಿನ ಸಂಘದ ಸದಸ್ಯ. 2003ರಲ್ಲಿ ಯಶಸ್ವಿನಿ ಆರೋಗ್ಯ ಯೋಜನೆ ಶುರುವಾದಾಗ ವರ್ಷಕ್ಕೆ 60 ರೂಪಾಯಿ ಕಟ್ಟಿ ಸೇರಿದ್ದ. ಮುಂದೆ ಅವನ ಹರ್ನಿಯಾ ಆಪರೇಷನ್ ಅದರಲ್ಲೇ ಆಯಿತು. ಕೈಯಿಂದ ಹೋದದ್ದು ಬಸ್ ಚಾರ್ಜು ಮತ್ತು ಎಳನೀರಿನ ದುಡ್ಡು. ಯಶಸ್ವಿನಿ ಇದ್ದದ್ದು ಆಪರೇಷನ್ನಿಗೆ, ಕೆಮ್ಮು ನೆಗಡಿಗಲ್ಲ ಅನ್ನುವುದು ನನ್ನ ತಲೆಯಲ್ಲಿ ಉಳಿಯಲಿಲ್ಲ. ಕಾರ್ಡು ತೋರಿಸಿದರೆ ಡಾಕ್ಟರು ದುಡ್ಡು ಕೇಳುವುದಿಲ್ಲ ಅನ್ನುವುದಷ್ಟೇ ಉಳಿಯಿತು.

2018ರಲ್ಲಿ ಆಯುಷ್ಮಾನ್ ಭಾರತ್ ಮತ್ತು ಆರೋಗ್ಯ ಕರ್ನಾಟಕ ಒಂದಾದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಅಮ್ಮನ ಹೆಸರಿನಲ್ಲಿ ಕಾರ್ಡು ಮಾಡಿಸಿ, ಲ್ಯಾಮಿನೇಷನ್ ಹಾಕಿಸಿ, ಅವಳ ಪರ್ಸಿಗೆ ತುರುಕಿ ಬೆಂಗಳೂರಿಗೆ ಬಂದೆ. “ಅಮ್ಮಂದು ಐದು ಲಕ್ಷ ಕವರ್ ಇದೆ” ಎಂದು ಆಫೀಸಿನಲ್ಲಿ ಹೇಳಿಕೊಂಡೆ, ಸೈಟು ಕೊಡಿಸಿದವನ ಗತ್ತಿನಲ್ಲಿ.

ಒಂದು ದಿನ ಅಮ್ಮ ತಲೆಸುತ್ತಿ ಹಿತ್ತಲಲ್ಲಿ ಕೂತುಬಿಟ್ಟಳು. ಆಗ ಶುರುವಾಯಿತು ನನ್ನ ಹುಡುಕಾಟ. ತಿಪಟೂರು, ಅರಸೀಕೆರೆ, ಚಿಕ್ಕನಾಯಕನಹಳ್ಳಿ, ನಂಬರು ಸಿಕ್ಕಲ್ಲಿಗೆಲ್ಲ ಫೋನು. ಆಯುಷ್ಮಾನ್ ತಗೋತೀರಾ? “ಓಪಿಡಿಗೆ ಬರಲ್ಲ ಸಾರ್.” “ರೆಫರಲ್ ಲೆಟರ್ ಇದೆಯಾ?” ಒಬ್ಬ ಹುಡುಗಿ ಸುಸ್ತಾದ ದನಿಯಲ್ಲಿ, “ಅಡ್ಮಿಟ್ ಆಗೋ ಕೇಸಾದ್ರೆ ಹೇಳಿ” ಎಂದಳು. ಅವಳು ನಿಯಮ ಹೇಳಿದ್ದಳು. ನಾನು ಅದರಲ್ಲಿ ದಾರಿ ಕಂಡೆ.

ನಿಯಮ ಸರಳವಾಗಿಯೇ ಇದೆ, ಓದುವ ತಾಳ್ಮೆ ಇದ್ದವರಿಗೆ. ನೋಂದಣಿಯಾಗುವುದು ಆಸ್ಪತ್ರೆ, ಡಾಕ್ಟರಲ್ಲ. ದುಡ್ಡು ಬರುವುದು ಚಿಕಿತ್ಸೆಯ ಪ್ಯಾಕೇಜಿಗೆ, ಮಂಚ ಹಿಡಿದವರ ಲೆಕ್ಕದಲ್ಲಿ. ಒಂದು ಬೆಂಚು, ಒಂದು ತೂಕದ ಯಂತ್ರ, ಇನ್ಸುಲಿನ್ ಇಡುವ ಒಂದು ಹಳೇ ಫ್ರಿಜ್ಜು ಇರುವ ಕ್ಲಿನಿಕ್ಕಿನವರು “ವಾಕಿಂಗ್ ಹೋಗಿ, ಹೋಳಿಗೆ ಬಿಡಿ” ಅಂದದ್ದಕ್ಕೆ ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ ಏನೆಂದು ಬಿಲ್ಲು ಕಳಿಸಬೇಕು? ದಿನನಿತ್ಯದ ಕಾಯಿಲೆಗೆ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ ಇವೆ. ಅಲ್ಲಿ ಆಗದಿದ್ದರೆ ಅವರೇ ಪತ್ರ ಬರೆದು ಮುಂದೆ ಕಳಿಸುತ್ತಾರೆ. ತುರ್ತು ಇದ್ದರೆ ಪತ್ರವೂ ಬೇಡ.

ಅಂದರೆ ಶುಗರ್ರು ಬಿಪಿ ನೋಡಲು ಸರ್ಕಾರ ಅಮ್ಮನಿಗೊಬ್ಬ ಡಾಕ್ಟರನ್ನು ಮೊದಲೇ ಇಟ್ಟಿತ್ತು, ಮನೆಯಿಂದ ಆಟೋದಲ್ಲಿ ಹತ್ತು ನಿಮಿಷದ ದೂರದಲ್ಲಿ. ನನಗೆ ಅದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಕ್ಯೂನಲ್ಲಿ ಅಮ್ಮ ಚೀಟಿ ಹಿಡಿದು ನಿಲ್ಲುವುದನ್ನು ನನ್ನ ಜೊತೆ ಓದಿದ ಯಾರಾದರೂ ನೋಡಿಬಿಟ್ಟರೆ? ಇಂಜಿನಿಯರ್ ಮಗನ ತಾಯಿ! ನನಗೆ ಬೇಕಿದ್ದದ್ದು ಸರ್ಕಾರದ ದುಡ್ಡು, ಖಾಸಗಿ ಕುರ್ಚಿ.

ಇನ್ನೊಂದು ವಿಚಿತ್ರ. ಬೆಂಗಳೂರಿನಲ್ಲಿ ನನ್ನ ಕಂಪನಿಯ ಇನ್ಶೂರೆನ್ಸೂ ಅಡ್ಮಿಟ್ ಆದರೆ ಮಾತ್ರ. ಮಗಳಿಗೆ ಜ್ವರ ಬಂದರೆ 700 ರೂಪಾಯಿ ತುಟಿಪಿಟಕ್ಕೆನ್ನದೆ ಕೊಟ್ಟು ಬರುತ್ತೇನೆ. ಊರಿನ ಡಾಕ್ಟರ ಫೀಸು ನೂರು. ಅವರ ಬಳಿ ಮಾತ್ರ ಹಕ್ಕಿನ ಮಾತು ಬಂತು.

ಅವರು ಬೈಯಲಿಲ್ಲ. ಬಿಪಿ ಪಟ್ಟಿಯನ್ನು ಬಿಚ್ಚಿ, ಸುತ್ತಿ, ಡಬ್ಬಿಗಿಟ್ಟರು. “ಮಲಗಿಸೋಕೆ ಅವರಿಗೇನಾಗಿದೆಯಪ್ಪ?” ಎಂದರು. ಆಮೇಲೆ ನನ್ನನ್ನು ಬಿಟ್ಟು ಅಮ್ಮನ ಕಡೆ ತಿರುಗಿ, “ರಾತ್ರಿ ಮಾತ್ರೆ ಊಟಕ್ಕೆ ಮುಂಚೆ ನುಂಗ್ತಿದೀರಾ? ತಲೆ ಸುತ್ತದೆ ಇನ್ನೇನಾಗುತ್ತೆ” ಎಂದರು. ನಾನು ಪರ್ಸಿಗೆ ಕೈ ಹಾಕುವಷ್ಟರಲ್ಲಿ ಅಮ್ಮ ಸೆರಗಿನ ಗಂಟು ಬಿಚ್ಚಿ ನೂರರ ನೋಟು ಮೇಜಿನ ಮೇಲಿಟ್ಟಿದ್ದಳು.

ಕಾರ್ಡಿನ ಕಥೆಯೂ ಅಷ್ಟು ಚೊಕ್ಕವಲ್ಲ. ಇಷ್ಟು ಹೇಳಿದ ಮೇಲೆ ಅದನ್ನೂ ಹೇಳಬೇಕು. ಕೆಲಸ ಸಿಕ್ಕ ವರ್ಷ ರೇಷನ್ ಕಾರ್ಡಿನಿಂದ ನನ್ನ ಹೆಸರು ತೆಗೆಸಿದೆ. ಊರು ಬಿಟ್ಟಿದ್ದೆನಲ್ಲ, ತಪ್ಪೇನು ಎಂದುಕೊಂಡೆ. ಬಿಪಿಎಲ್‌ಗೆ ವರ್ಷದ ಆದಾಯ 1.20 ಲಕ್ಷ ಮೀರಬಾರದು. ಮನೆಯ ಮುಂದಿನ ಮಳಿಗೆಯನ್ನು ಕೊಬ್ಬರಿ ವ್ಯಾಪಾರಿಯೊಬ್ಬರಿಗೆ ಬಾಡಿಗೆ ಕೊಟ್ಟಿದ್ದೇವೆ, ತಿಂಗಳಿಗೆ 11,000. ವರ್ಷಕ್ಕೆ 1,32,000, ಮಗ್ಗಿ ಬಂದವರಿಗೆಲ್ಲ ಗೊತ್ತಾಗುವ ಲೆಕ್ಕ. ನಾನು ಕಳಿಸುವುದು ಅದರಾಚೆ. ಎಪಿಎಲ್ ಆದರೆ ಪ್ಯಾಕೇಜಿನ ಶೇ. 30 ಮಾತ್ರ, ವರ್ಷಕ್ಕೆ ಕುಟುಂಬಕ್ಕೆ ಒಂದೂವರೆ ಲಕ್ಷದ ಮಿತಿ. ಬಿಪಿಎಲ್ ಕಾರ್ಡು ವಾಪಸು ಕೊಡುವ ಅರ್ಜಿ ಬರೆದು ಲ್ಯಾಪ್‌ಟಾಪ್ ಬ್ಯಾಗಿನಲ್ಲಿಟ್ಟು ಎಂಟು ತಿಂಗಳಾಯಿತು. ಅಮ್ಮನಿಗೆ ಹೃದಯದ ತೊಂದರೆ ಏನಾದರೂ ಬಂದರೆ ಎಂಬ ಯೋಚನೆ ಬಂದಾಗಲೆಲ್ಲ ಬ್ಯಾಗಿನ ಜಿಪ್ಪು ಮುಚ್ಚುತ್ತೇನೆ. ಇದು ಭಯವೋ ಲೋಭವೋ, ನನ್ನಲ್ಲಿ ಎರಡಕ್ಕೂ ಒಂದೇ ಮುಖ.

ಹೋದ ತಿಂಗಳು ಅಮ್ಮನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮುಕ್ಕಾಲು ಗಂಟೆ ಕ್ಯೂ. ಅವಳಿಗೆ ಅದು ಶಿಕ್ಷೆಯಾಗಲೇ ಇಲ್ಲ. ಹಾಲಿನ ಸಂಘದ ಕಾಲದ ಇಬ್ಬರು ಹೆಂಗಸರು ಸಿಕ್ಕಿ, ಯಾರ ಸೊಸೆ ಯಾರ ಮನೆ ಬಿಟ್ಟಳು ಎಂಬ ವರದಿ ನಡೆಯಿತು. ನಾನೊಬ್ಬನೇ ಗೋಡೆಗೆ ಮುಖ ಮಾಡಿ ಫೋನು ನೋಡುತ್ತಿದ್ದೆ. ಬಿಪಿ, ಶುಗರ್ರು ನೋಡಿ ಒಂದು ತಿಂಗಳ ಮಾತ್ರೆ ಕೊಟ್ಟರು. ದುಡ್ಡಿಲ್ಲ.

ವಾಪಸು ಬರುವಾಗ ಅಮ್ಮ ಕ್ಲಿನಿಕ್ಕಿನ ಹತ್ತಿರ ಕಾರು ನಿಲ್ಲಿಸು ಎಂದಳು. ಈ ಮಾತ್ರೆಗಳನ್ನು “ನಮ್ಮ ಡಾಕ್ಟ್ರಿಗೆ” ತೋರಿಸದೆ ನುಂಗುವುದಿಲ್ಲವಂತೆ. ಅವಳನ್ನು ಇಳಿಸಿ ಸ್ಟೇರಿಂಗ್ ಹಿಡಿದುಕೊಂಡೇ ಕೂತೆ. ಕಾಲು ಗಂಟೆಯ ಮೇಲೆ ಬಂದು ಬಾಗಿಲು ಹಾಕಿಕೊಂಡಳು.

“ಅದೇ ಮಾತ್ರೆಯಂತೆ, ಕಂಪನಿ ಬೇರೆ ಅಷ್ಟೆ. ನಿನ್ನ ಕೇಳಿದ್ರು ಕಣೋ, ಮಗ ಬಂದಿಲ್ವಾ ಅಂತ.”

“ಏನಂದೆ?”

“ಕಾರು ನಿಲ್ಸೋಕೆ ಜಾಗ ಹುಡುಕ್ತಿದಾನೆ ಅಂದೆ.”

ಬೀದಿಯ ತುಂಬ ಜಾಗವಿತ್ತು.