ಬಿಟ್ಟುಹೋದವರ ಊರುಗಳಿಗೆ ಒಂದು ಬಸ್ಸು

ಇಂಗ್ಲೆಂಡಿಗೆ ಹೋದ ನಮ್ಮವರಲ್ಲಿ ಹೆಚ್ಚಿನವರು ಲಂಡನ್ನಿನ ಅರಮನೆ, ಗಡಿಯಾರದ ಗೋಪುರ, ಮೇಣದ ಬೊಂಬೆಗಳನ್ನು ನೋಡಿ ಹಿಂದಿರುಗುತ್ತಾರೆ. ಹಳ್ಳಿಯನ್ನೂ ನೋಡಬೇಕೆಂದು ಹಟ ಹಿಡಿದವರನ್ನು ಪ್ರವಾಸಿ ಕಂಪೆನಿಗಳು ಒಂದು ಹಗಲಿನ ಮಟ್ಟಿಗೆ ಕರೆದೊಯ್ದು, ಹುಲ್ಲು ಹೊದಿಸಿದ ನಾಲ್ಕು ಮನೆ ತೋರಿಸಿ, ಚಹಾ ಕುಡಿಸಿ, ಕತ್ತಲಾಗುವುದರೊಳಗೆ ವಾಪಸು ತಂದುಬಿಡುತ್ತವೆ. ಇದಲ್ಲದೆ ಇನ್ನೊಂದು ದಾರಿಯಿದೆ. ಅದು ಆ ಊರಿನವರೇ ಹತ್ತಿಳಿಯುವ ಬಸ್ಸು. ಒಬ್ಬರೇ ಹೊರಟರೆ ಇನ್ನೂ ಒಳ್ಳೆಯದು. ಜೊತೆಗೆ ನಮ್ಮವರಿದ್ದರೆ ಕಿಟಕಿಯಾಚೆ ನೋಡುವುದು ಬಿಟ್ಟು ಮನೆಯ ಮಾತನ್ನೇ ಆಡಿಕೊಂಡಿರುತ್ತೇವೆ.

ನಾನು ಆರಿಸಿಕೊಂಡಿದ್ದು ನೈಋತ್ಯ ಇಂಗ್ಲೆಂಡಿನ ಡಾರ್ಸೆಟ್ ಜಿಲ್ಲೆಯನ್ನು. ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಇದು ಥಾಮಸ್ ಹಾರ್ಡಿಯ ನಾಡು ಎಂದರೆ ಸಾಕು. ಜಿಲ್ಲೆಯ ಮುಖ್ಯ ಪಟ್ಟಣ ಡಾರ್ಚೆಸ್ಟರ್. ಹಾರ್ಡಿಯ ಕಾದಂಬರಿಗಳಲ್ಲಿ ಕ್ಯಾಸ್ಟರ್‌ಬ್ರಿಜ್ ಎಂದು ಬರುವುದು ಇದೇ ಊರು.

ಅಲ್ಲಿನ ಬಸ್ಸಿನಲ್ಲಿ ಕಂಡಕ್ಟರ್ ಇಲ್ಲ. ಮುಂದಿನ ಬಾಗಿಲಲ್ಲಿ ಹತ್ತಿ ಚಾಲಕನಿಗೆ ಊರಿನ ಹೆಸರು ಹೇಳಿ ಟಿಕೆಟ್ ಪಡೆಯಬೇಕು. ಇಳಿಯುವಾಗ ಪ್ರತಿಯೊಬ್ಬರೂ ಚಾಲಕನಿಗೆ ಥ್ಯಾಂಕ್ಸ್ ಹೇಳುತ್ತಾರೆ. ಎರಡನೆಯ ದಿನಕ್ಕೆ ನನಗೂ ಅದು ರೂಢಿಯಾಯಿತು. ನಿಲ್ದಾಣದಲ್ಲಿ ಸುಮ್ಮನೆ ನಿಂತರೆ ಸಾಲದು, ಕೈ ಚಾಚಬೇಕು. ಹಳ್ಳಿಯ ಬಸ್ಸಿನಲ್ಲಿ ಕಾಣುವವರು ಎರಡೇ ಬಗೆಯ ಜನ: ಶಾಲೆ ಕಾಲೇಜಿನ ಮಕ್ಕಳು, ಮತ್ತು ಸಂತೆಚೀಲ ಹಿಡಿದ ಮುದುಕ ಮುದುಕಿಯರು. ಪಿಂಚಣಿಯ ವಯಸ್ಸು ಮುಟ್ಟಿದವರಿಗೆ 2008ರಿಂದ ಇಂಗ್ಲೆಂಡಿನಾದ್ಯಂತ ಉಚಿತ ಪಾಸ್ ಇದೆ; ಆದರೆ ವಾರದ ದಿನಗಳಲ್ಲಿ ಬೆಳಗಿನ ಒಂಬತ್ತೂವರೆಯ ನಂತರವೇ ಅದು ನಡೆಯುವುದು. ಹೀಗಾಗಿ ಒಂಬತ್ತೂವರೆಯ ಬಸ್ಸು ಅಜ್ಜಿಯರಿಂದ ತುಂಬಿರುತ್ತದೆ. ಮಾತಿಗೆ ಅದಕ್ಕಿಂತ ಒಳ್ಳೆಯ ಬಸ್ಸಿಲ್ಲ.

ನಡುವಯಸ್ಸಿನವರು ಎಲ್ಲಿ? ಅವರಿಗೆ ಕಾರಿದೆ. ಲಂಡನ್ ಬಿಟ್ಟು ಉಳಿದ ಕಡೆ ಬಸ್ಸುಗಳನ್ನು 1986ರಲ್ಲಿ ಖಾಸಗಿ ಪೈಪೋಟಿಗೆ ಬಿಟ್ಟುಕೊಟ್ಟರು. ಲಾಭವಿರುವ ದಾರಿಗೆ ಕಂಪೆನಿಗಳು ಬಂದವು. ಲಾಭವಿಲ್ಲದ ಹಳ್ಳಿಯ ದಾರಿಗಳು ಸ್ಥಳೀಯ ಕೌನ್ಸಿಲ್ ಕೊಡುವ ಹಣವನ್ನು ನಂಬಿಕೊಂಡವು. ಹಣ ಕಡಿಮೆಯಾದಂತೆ ಬಸ್ಸೂ ಕಡಿಮೆಯಾಯಿತು. ಒಂದು ಪ್ರಯಾಣದ ದರ 2 ಪೌಂಡ್ ಮೀರಬಾರದೆಂದು ಸರ್ಕಾರ 2023ರಲ್ಲಿ ಮಿತಿ ಹಾಕಿತು, 2025ರಲ್ಲಿ ಅದನ್ನು 3 ಪೌಂಡಿಗೆ ಏರಿಸಿತು. ದರವೇನೋ ಅಗ್ಗವೇ. ಆದರೆ ಬಸ್ಸೇ ಬಾರದ ಊರಿಗೆ ಅಗ್ಗದ ಟಿಕೆಟ್ಟಿನಿಂದ ಏನಾಗಬೇಕು ಎಂದು ಪಕ್ಕದಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಕೇಳಿದರು.

ಡಾರ್ಚೆಸ್ಟರಿನಿಂದ ಒಂದೆರಡು ಮೈಲಿಯೊಳಗೇ ಸ್ಟಿನ್ಸ್‌ಫರ್ಡ್ ಎಂಬ ಪುಟ್ಟ ಊರು. 1928ರಲ್ಲಿ ಹಾರ್ಡಿ ತೀರಿಕೊಂಡಾಗ ಚಿತಾಭಸ್ಮ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಗೆ ಹೋಯಿತು, ಹೃದಯವನ್ನು ಮಾತ್ರ ಇಲ್ಲಿನ ಚರ್ಚಿನ ಅಂಗಳದಲ್ಲಿ ಮೊದಲ ಹೆಂಡತಿಯ ಗೋರಿಯಲ್ಲಿ ಇಟ್ಟರು. (ಆ ಹೃದಯವನ್ನು ಬೆಕ್ಕು ತಿಂದಿತ್ತೆಂಬ ಕಟ್ಟುಕಥೆಯೂ ಇದೆ. ಸಾವಿನ ಮನೆಯಲ್ಲೂ ತಮಾಷೆ ಹುಡುಕುವವರು ಎಲ್ಲ ದೇಶದಲ್ಲೂ ಇರುತ್ತಾರೆ.) ಅಲ್ಲಿಂದ ಕಾಲುದಾರಿ ಹಿಡಿದರೆ ಹೈಯರ್ ಬಾಕ್‌ಹ್ಯಾಂಪ್ಟನ್. ಕಾಡಿನ ಅಂಚಿನಲ್ಲಿ ಮುತ್ತಜ್ಜ ಕಟ್ಟಿಸಿದ ಮಣ್ಣಿನ ಗೋಡೆಯ ಮನೆಯಲ್ಲಿ 1840ರಲ್ಲಿ ಹಾರ್ಡಿ ಹುಟ್ಟಿದ್ದು.

ಈಗ ಆ ಮನೆ ಚಿತ್ರದಂತಿದೆ. ಆದರೆ ಅಂಥ ಮನೆಗಳ ಕಥೆ ಅಷ್ಟು ಚೆಲುವಾದುದಲ್ಲ. ಆಗಿನ ಕಾಲದ ಅನೇಕ ಮನೆಗಳು ‘ತಲೆಯ ಲೆಕ್ಕ’ದ ಗೇಣಿಯವು. ಸಾಮಾನ್ಯವಾಗಿ ಮೂವರ ಹೆಸರು ಬರೆದಿರುತ್ತಿತ್ತು. ಮೂವರಲ್ಲಿ ಕೊನೆಯವನು ಸತ್ತ ದಿನ ಮನೆ ಜಮೀನುದಾರನಿಗೆ ಸೇರಿತು. 1891ರ ‘ಟೆಸ್’ ಕಾದಂಬರಿಯಲ್ಲಿ ಅಪ್ಪ ಸತ್ತ ಕೂಡಲೇ ಸಂಸಾರ ಬೀದಿಗೆ ಬೀಳುವುದು ಇದರಿಂದಲೇ. ಕೂಲಿಯವರಂತೂ ವರ್ಷದ ಕರಾರು ಮುಗಿದೊಡನೆ ಏಪ್ರಿಲ್ ಮೊದಲ ವಾರದಲ್ಲಿ ಗಾಡಿಯ ಮೇಲೆ ಮಂಚ, ಪಾತ್ರೆ, ಮಕ್ಕಳನ್ನು ಹೇರಿಕೊಂಡು ಇನ್ನೊಂದು ಊರಿಗೆ ಹೊರಡುತ್ತಿದ್ದರು. ಹಾರ್ಡಿ 1883ರಲ್ಲಿ ಡಾರ್ಸೆಟ್ ಕೂಲಿಗಳ ಬಗ್ಗೆ ಒಂದು ಲೇಖನವನ್ನೇ ಬರೆದ. ಅದರ ಹೊತ್ತಿಗೆ ಹಳ್ಳಿಗಳು ಬರಿದಾಗುತ್ತಲೇ ಇದ್ದವು. 1851ರ ಜನಗಣತಿಯಲ್ಲೇ ದೇಶದ ಅರ್ಧಕ್ಕಿಂತ ಹೆಚ್ಚು ಮಂದಿ ಪಟ್ಟಣದವರಾಗಿದ್ದರು.

ಹೀಗೆ ಹೋದವರ ಮರಿಮಕ್ಕಳು ಈಗ ಕೆನಡಾ, ಆಸ್ಟ್ರೇಲಿಯಾಗಳಿಂದ ಹಿರೀಕರ ಊರು ಹುಡುಕಿಕೊಂಡು ಬರುತ್ತಾರೆ. ಡಾರ್ಚೆಸ್ಟರಿನ ದಾಖಲೆಗಳ ಭಂಡಾರದಲ್ಲಿ ಅಂಥವರೊಬ್ಬರ ಪರಿಚಯವಾಯಿತು: ಕೆನಡಾದ ನಿವೃತ್ತ ಶಿಕ್ಷಕಿ. ನನ್ನ ಹಾಗೆ ಒಬ್ಬರೇ, ನನ್ನ ಹಾಗೆ ಬಸ್ಸಿನಲ್ಲಿ. ಹುಡುಕುವ ಕ್ರಮವನ್ನು ಅವರೇ ವಿವರಿಸಿದರು. ಚರ್ಚುಗಳಲ್ಲಿ ನಾಮಕರಣ, ಮದುವೆ, ಮಣ್ಣು ಮಾಡಿದ್ದನ್ನು ಬರೆದಿಡಬೇಕೆಂಬ ಆಜ್ಞೆ ಹೊರಟದ್ದು 1538ರಲ್ಲಿ. ಸರ್ಕಾರವೇ ಜನನ ಮರಣ ಬರೆಯತೊಡಗಿದ್ದು 1837ರಿಂದ. ಜನಗಣತಿಯಲ್ಲಿ ಮನೆಮಂದಿಯ ಹೆಸರುಗಳು ಸಿಗುವುದು 1841ರಿಂದ. ನೂರು ವರ್ಷ ಕಳೆದ ಮೇಲೆ ಅದನ್ನು ಜನರ ಮುಂದಿಡುತ್ತಾರೆ. 1921ರದ್ದು 2022ರಲ್ಲಿ ಹೊರಬಂತು. 1931ರದ್ದು ಬೆಂಕಿಗೆ ಆಹುತಿಯಾಯಿತು, 1941ರಲ್ಲಿ ಯುದ್ಧದಿಂದಾಗಿ ಗಣತಿ ನಡೆಯಲೇ ಇಲ್ಲ.

ಮೂರು ದಿನದ ಹುಡುಕಾಟದಲ್ಲಿ ಅವರಿಗೆ ಸಿಕ್ಕಿದ್ದು ಒಂದು ಮದುವೆಯ ದಾಖಲೆ. 1754ರ ನಂತರ ವಧೂವರರಿಬ್ಬರೂ ಮದುವೆಯ ಪುಸ್ತಕದಲ್ಲಿ ಸಹಿ ಹಾಕಬೇಕಿತ್ತು. ಬಾರದವರು ಒಂದು ಗುಣಾಕಾರದ ಗುರುತು ಹಾಕಿದರಾಯಿತು. ಅವರ ಮುತ್ತಜ್ಜನ ತಂದೆ ತಾಯಿಯ ಹೆಸರಿನ ಮುಂದೆ ಇದ್ದದ್ದು ಅಂಥ ಎರಡು ಗುರುತು. “ನಲವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದೆ ನಾನು” ಎಂದರು, ಅಷ್ಟೇ. ಆಮೇಲೆ ಬಹಳ ಹೊತ್ತು ಆ ಪುಟವನ್ನು ಮಗುಚಲಿಲ್ಲ.

ಡಾರ್ಚೆಸ್ಟರಿನ ಪೂರ್ವಕ್ಕೆ ಪಿಡಲ್ ಎಂಬ ಹೊಳೆ ಹರಿಯುತ್ತದೆ. ಅದರ ದಂಡೆಯ ಊರುಗಳಿಗೆಲ್ಲ ಅದೇ ಹೆಸರಿನ ಬಾಲ: ಪಡಲ್‌ಟೌನ್, ಆಫ್‌ಪಡಲ್, ಟಾಲ್‌ಪಡಲ್. ಟಾಲ್‌ಪಡಲ್ ಎಂಬಲ್ಲಿ ‘ಟಾಲ್’ ಎಂದರೆ ಟೋಲಾ, ಸಾವಿರ ವರ್ಷದ ಹಿಂದೆ ಆ ಜಮೀನಿನ ಒಡತಿಯಾಗಿದ್ದ ಹೆಂಗಸು. ಒಡತಿಯ ಹೆಸರು ಹೊತ್ತ ಊರು ಪ್ರಸಿದ್ಧವಾದದ್ದು ಮಾತ್ರ ಆರು ಜನ ಕೂಲಿಗಳಿಂದ. ವಾರಕ್ಕೆ 7 ಷಿಲಿಂಗ್‌ಗೆ ಇಳಿದಿದ್ದ ಕೂಲಿ ಇನ್ನೂ ಇಳಿಯುವ ಭಯವಿದ್ದಾಗ ಇವರು ಸಂಘ ಕಟ್ಟಿದರು. ಸಂಘ ಕಟ್ಟುವುದು ಆಗ ಅಪರಾಧವಲ್ಲ; ಆದರೆ ಗುಟ್ಟಾಗಿ ಪ್ರಮಾಣ ಮಾಡಿಸಿದರೆಂದು ಹಳೆಯ ಕಾನೂನೊಂದನ್ನು ಹುಡುಕಿ ತೆಗೆದು, 1834ರ ಮಾರ್ಚಿಯಲ್ಲಿ ಏಳು ವರ್ಷ ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿದರು. ಆ ವಿಚಾರಣೆ ನಡೆದ ಕೋರ್ಟು ಡಾರ್ಚೆಸ್ಟರಿನಲ್ಲಿ ಹಾಗೆಯೇ ಇದೆ, ಈಗ ವಸ್ತುಸಂಗ್ರಹಾಲಯ. ಕೆಳಗಿನ ಕತ್ತಲೆ ಕೋಣೆಗಳಿಗೂ ಇಳಿದು ನೋಡಬಹುದು.

ಜನ ದೊಡ್ಡದಾಗಿ ದನಿಯೆತ್ತಿದ್ದರಿಂದ 1836ರಲ್ಲಿ ಕ್ಷಮಾದಾನ ಸಿಕ್ಕಿತು. ಬಂದವರಲ್ಲಿ ಐವರು ಕೆಲವು ವರ್ಷ ಎಸೆಕ್ಸ್‌ನಲ್ಲಿದ್ದು, ಕೊನೆಗೆ ಕೆನಡಾಕ್ಕೆ ಹೊರಟುಹೋದರು. ಹಳೆಯ ಸಂಗತಿಯನ್ನು ಅಲ್ಲಿ ಯಾರ ಮುಂದೆಯೂ ಆಡಿಕೊಳ್ಳಲಿಲ್ಲವಂತೆ. ಊರಲ್ಲಿ ಉಳಿದವನು ಜೇಮ್ಸ್ ಹ್ಯಾಮೆಟ್ ಒಬ್ಬನೇ. ಅವನು 1891ರಲ್ಲಿ ತೀರಿಕೊಂಡದ್ದು ಡಾರ್ಚೆಸ್ಟರಿನ ಬಡವರ ಆಶ್ರಯಶಾಲೆಯಲ್ಲಿ. ಊರ ಚರ್ಚಿನ ಅಂಗಳದಲ್ಲಿ ಅವನ ಗೋರಿಗೆ ಕಲ್ಲು ನಿಂತದ್ದು ಘಟನೆಗೆ ನೂರು ವರ್ಷ ತುಂಬಿದ 1934ರಲ್ಲಿ. ಕಾರ್ಮಿಕ ಸಂಘಗಳು ಆರು ಮನೆಗಳನ್ನು ಕಟ್ಟಿಸಿದ್ದೂ ಆಗಲೇ. ಪ್ರತಿ ಜುಲೈಯಲ್ಲಿ ಇಲ್ಲಿ ಜಾತ್ರೆಯಂತೆ ಜನ ಸೇರುತ್ತಾರೆ. ನಾನು ಹೋದಾಗ ಆ ಆರು ಜನ ಕೂಡುತ್ತಿದ್ದ ಸಿಕಮೋರ್ ಮರದ ಕೆಳಗೆ ಒಂದು ನಾಯಿ ಮಲಗಿತ್ತು.

ಬಸ್ಸೇ ಹೋಗದ ಒಂದು ಊರನ್ನೂ ನೋಡಿದೆ. ವೇರಂನಿಂದ ಸಮುದ್ರತೀರದ ಕಡೆ ಹೋಗುವ ಬಸ್ಸಿನಲ್ಲಿ ಕಾರ್ಫ್ ಕ್ಯಾಸಲ್ ಎಂಬಲ್ಲಿ ಇಳಿದು, ಪಾಳುಬಿದ್ದ ಕೋಟೆಯನ್ನು ಬೆನ್ನಿಗೆ ಬಿಟ್ಟು, ಗುಡ್ಡದ ನೆತ್ತಿಯ ಮೇಲೆ ನಡೆದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಲಗಳು. ಗಾಳಿ ಮಾತ್ರ ನಿಲ್ಲಲು ಬಿಡುವುದಿಲ್ಲ. ಕೆಳಗಿನ ಕಣಿವೆಯಲ್ಲಿ ಟೈನಂ. 1943ರ ಕ್ರಿಸ್‌ಮಸ್ಸಿಗೆ ಸ್ವಲ್ಪ ಮೊದಲು ಸೇನೆಯ ತರಬೇತಿಗೆ ಜಾಗ ಬೇಕೆಂದು ಕಣಿವೆಯ ಇನ್ನೂರಕ್ಕೂ ಹೆಚ್ಚು ಜನರನ್ನು ಎಬ್ಬಿಸಿದರು. ಯುದ್ಧ ಮುಗಿದ ಮೇಲೆ ಹಿಂದಿರುಗುತ್ತೇವೆಂದೇ ಅವರು ಹೋದದ್ದು. 1948ರಲ್ಲಿ ಸರ್ಕಾರ ಜಾಗವನ್ನು ಕಡ್ಡಾಯವಾಗಿ ಕೊಂಡುಕೊಂಡಿತು, ಯಾರೂ ಮರಳಲಿಲ್ಲ. ಈಗಲೂ ಅದು ಸೇನೆಯದೇ. ಗುಂಡಿನ ಅಭ್ಯಾಸವಿಲ್ಲದ ದಿನಗಳಲ್ಲಿ, ಹೆಚ್ಚಾಗಿ ವಾರಾಂತ್ಯಕ್ಕೆ, ಒಳಗೆ ಬಿಡುತ್ತಾರೆ. ಹೋಗುವವರು ವಿಚಾರಿಸಿಕೊಂಡೇ ಹೋಗಬೇಕು, ಗುರುತಿನ ದಾರಿ ಬಿಟ್ಟು ಕಾಲಿಡಬಾರದು.

ಸೂರು ಹೋಗಿ ಗೋಡೆ ಉಳಿದ ಮನೆಗಳ ನಡುವೆ ಚರ್ಚು ಮತ್ತು ಶಾಲೆ ಎರಡೇ ಗಟ್ಟಿಯಾಗಿವೆ. ಶಾಲೆಯ ಒಂದೇ ಕೋಣೆಯಲ್ಲಿ ಬೆಂಚುಗಳು, ಗೋಡೆಯ ಮೇಲೆ ಹಕ್ಕಿ ಹೂಗಳ ಪಾಠದ ಪಟಗಳು. ಈ ಶಾಲೆಯನ್ನು ಮುಚ್ಚಿಸಿದ್ದೂ ಸೇನೆಯೇ ಎಂದುಕೊಳ್ಳುವವರು ಬಾಗಿಲ ಬಳಿಯ ಬರಹವನ್ನು ಓದಬೇಕು. ಸೈನಿಕರು ಬರುವುದಕ್ಕೆ ಹನ್ನೊಂದು ವರ್ಷ ಮೊದಲೇ, 1932ರಲ್ಲಿ, ಮಕ್ಕಳು ಸಾಲದೆಂದು ಅದು ಮುಚ್ಚಿತ್ತು. ಉಳಿದಿದ್ದ ಕೆಲವು ಮಕ್ಕಳು ಅಂದಿನಿಂದ ಕಾರ್ಫ್ ಕ್ಯಾಸಲ್‌ನ ಶಾಲೆಗೆ ಹೋಗತೊಡಗಿದರು, ಬಸ್ಸಿನಲ್ಲಿ.