ಹಿತ್ತಲಿನ ನೀರುಬ್ರಾಹ್ಮಿ

ನಮ್ಮ ಮನೆಯ ಹಿತ್ತಲಿನಲ್ಲಿ ಬಾವಿಕಟ್ಟೆಯ ನೀರು ಹರಿದು ವರ್ಷವಿಡೀ ತೇವವಾಗಿರುವ ಒಂದು ಮೂಲೆಯಿದೆ. ಅಲ್ಲಿ ಮಲ್ಲಿಗೆ ನೆಟ್ಟೆ, ಬೇರು ಕೊಳೆಯಿತು. ಸೇವಂತಿಗೆ ನೆಟ್ಟೆ, ಅದೂ ಉಳಿಯಲಿಲ್ಲ. ಸಿಮೆಂಟು ಹಾಕಿಸಿಬಿಡುವುದೇ ಲೇಸೆಂದು ನಿಶ್ಚಯಿಸಿದಾಗ ನನ್ನ ತಾಯಿಯವರು, "ನೆಲವನ್ನೇಕೆ ಮುಚ್ಚುತ್ತೀಯಪ್ಪ? ಅದಕ್ಕೆ ಒಪ್ಪುವುದನ್ನು ನೆಡು. ನೀರುಬ್ರಾಹ್ಮಿ ತಂದು ಹಾಕು" ಎಂದರು.

ನೀರುಬ್ರಾಹ್ಮಿಯು ನಮ್ಮ ನಾಡಿನ ಕೆರೆಯಂಚು, ಗದ್ದೆಬದುಗಳಲ್ಲಿ ತಾನಾಗಿ ಹಬ್ಬುವ ಬಹುವಾರ್ಷಿಕ ಸಸ್ಯ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಬಕೋಪ ಮೊನ್ನಿಯೆರಿ. ಬ್ರಾಹ್ಮಿಯೆಂದೇ ಕರೆಯಲ್ಪಡುವ ಒಂದೆಲಗ ಬೇರೆ. ಅದರ ಎಲೆ ದುಂಡು. ಇದರದು ಪುಟ್ಟದಾದ ದಪ್ಪನೆಯ ಎಲೆ. ಐದು ಎಸಳಿನ, ಬಿಳಿ ಅಥವಾ ತಿಳಿನೇರಳೆ ಬಣ್ಣದ ಹೂವು.

ಆ ದಿನವೇ ಊರ ಕೆರೆಗೆ ಹೋಗಿ ಬೇರುಸಹಿತ ಒಂದು ಚೀಲ ತುಂಬ ಕಿತ್ತು ತಂದೆ. ನೆಡಲು ಒಂದು ಹಿಡಿಯೂ ಬೇಕಾಗಲಿಲ್ಲ. ಗೆಣ್ಣುಗೆಣ್ಣಿಗೂ ಬೇರೊಡೆಯುವ ಗಿಡವಿದು. ನಾಲ್ಕು ಬೆರಳುದ್ದದ ತುಂಡನ್ನು ಕೆಸರಿನಲ್ಲಿ ಊರಿದರೆ ಸಾಕು. ಉಳಿದುದೆಲ್ಲ ಜಗಲಿಯ ಮೇಲೆ ಚೀಲದಲ್ಲಿಯೇ ಬೆಂದು ಹೋಯಿತು. ತಾಯಿಯವರು ಏನನ್ನೂ ಹೇಳದೆ ಅದನ್ನು ಗೊಬ್ಬರದ ಗುಂಡಿಗೆ ಸುರಿದು ಬಂದರು. ಕೆರೆಯಂಚಿನ ಬೋಳುಜಾಗ ಮುಂದಿನ ಮಳೆಗಾಲದವರೆಗೂ ತುಂಬಲಿಲ್ಲ. ಆ ದಾರಿಯಲ್ಲಿ ಹೋಗುವಾಗ ನಾನು ಮುಖ ತಿರುಗಿಸುತ್ತಿದ್ದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಪ್ರಯೋಜನವಿಲ್ಲದೆ ನೆಲ, ನೀರುಗಳನ್ನು ಕದಡುವುದನ್ನೂ ಸಸ್ಯಗಳನ್ನು ಕಡಿಯುವುದನ್ನೂ ಪ್ರಮಾದಚರ್ಯೆಯೆಂದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಅನೇಕ ಸಲ ಕೇಳಿದ ಮಾತದು. ನನಗೆ ಅರ್ಥವಾದುದು ಆ ಚೀಲದ ಮುಂದೆ.

ಈ ಗಿಡದ ಆರೈಕೆ ಸುಲಭ. ಬಿಸಿಲಾದರೂ ಅರೆನೆರಳಾದರೂ ಸರಿಯೆ, ಮಣ್ಣು ಮಾತ್ರ ಒಣಗಬಾರದು. ಸಾಬೂನಿನ ನೀರನ್ನು ನಾನು ಬೇರೆಡೆಗೆ ತಿರುಗಿಸಿದ್ದೇನೆ. ನೀರಿನಲ್ಲಿರುವ ಭಾರಲೋಹಗಳನ್ನು ಇದು ಹೀರಿಕೊಳ್ಳುವುದರಿಂದ, ಕೊಳಚೆಯಲ್ಲಿ ಬೆಳೆದುದನ್ನು ಔಷಧಿಗೆ ಬಳಸಲಾಗದು.

ಇಂದು ಆ ಮೂಲೆಯೆಲ್ಲ ಹಸಿರು ಹಾಸಾಗಿದೆ. ಬೇಕೆಂದು ಬಂದವರಿಗೆ ಬೇರು ಕೀಳದೆ ನಾಲ್ಕೇ ಕುಡಿಗಳನ್ನು ಕತ್ತರಿಸಿ, ಒದ್ದೆಬಟ್ಟೆಯಲ್ಲಿ ಸುತ್ತಿ ಕೊಡುತ್ತೇನೆ. "ಇಷ್ಟೇ ಏನು?" ಎನ್ನುವವರಿಗೆ ಆ ಚೀಲದ ಕಥೆಯನ್ನೂ ಹೇಳುತ್ತೇನೆ. ನಮ್ಮ ಅನೇಕ ಬಸದಿಗಳ ಆವರಣದಲ್ಲಿಯೂ ಕೈಕಾಲು ತೊಳೆದ ನೀರು ಹರಿದು ನೆನೆಯುವ ನೆಲವಿರುತ್ತದೆ. ಅದಕ್ಕೆ ಕಲ್ಲು ಹಾಸಿಸುವ ಮುನ್ನ ಆಡಳಿತ ಮಂಡಳಿಯವರು ನಾಲ್ಕು ಕುಡಿಗಳನ್ನು ಊರಿ ನೋಡಬೇಕೆಂದು ನನ್ನ ವಿನಂತಿ.