ನಲ್ವತ್ತೆರಡು ದಿನ

ಹೆರಿಗೆಯನ್ನು ಹೆಣ್ಣಿನ ಮರುಹುಟ್ಟೆಂದು ಕರೆಯುವುದು ಕನ್ನಡದ ವಾಡಿಕೆ. ಅದು ಅಲಂಕಾರಕ್ಕಾಗಿ ಆಡಿದ ಮಾತಲ್ಲ. ಹೆರಲು ಹೋದವಳು ಮರಳುವಳೆಂಬ ಭರವಸೆಯಿಲ್ಲದ ಕಾಲದ ಅನುಭವ ಅದರಲ್ಲಿದೆ. ಕನ್ನಡದ ಬಾಣಂತಿಯೂ ಮರಾಠಿಯ ಬಾಳಂತೀಣಳೂ ಉಚ್ಚಾರದಲ್ಲಿ ಅಕ್ಕತಂಗಿಯರಂತಿದ್ದಾರೆ. ಹಿರಿಯರು ಬಾಣಂತನಕ್ಕೆ ಗೊತ್ತುಮಾಡಿದ್ದು ನಲ್ವತ್ತು ದಿನ. ಇಂದಿನ ವೈದ್ಯಶಾಸ್ತ್ರವೂ ಅದಕ್ಕೆ ಹತ್ತಿರವೇ ನಿಂತಿದೆ: ಗರ್ಭಿಣಿಯಾಗಿರುವಾಗ ಅಥವಾ ಗರ್ಭ ಮುಗಿದ 42 ದಿನಗಳೊಳಗೆ ಆ ಸಂಬಂಧದ ಕಾರಣದಿಂದ ಒದಗಿದ ಸಾವೇ ತಾಯಿಮರಣ.

ಒಂದು ಲಕ್ಷ ಸಜೀವ ಜನನಗಳಿಗೆ ಇಂಥ ಸಾವುಗಳೆಷ್ಟು ಎಂಬುದು ಅದರ ಅಳತೆ. 2004–06ರಲ್ಲಿ ಭಾರತದಲ್ಲಿ ಅದು 254, ಕರ್ನಾಟಕದಲ್ಲಿ 213, ಕೇರಳದಲ್ಲಿ 95. 2018–20ಕ್ಕೆ ಇವು ಕ್ರಮವಾಗಿ 97, 69, 19ಕ್ಕೆ ಇಳಿದವು.

ಆದರೆ ಲಕ್ಷದ ಲೆಕ್ಕ ಸಣ್ಣ ನಾಡುಗಳಲ್ಲಿ ತಡವರಿಸುತ್ತದೆ. ಮಾಲ್ಡೀವ್ಸ್‌ನಂತಹ ದ್ವೀಪರಾಷ್ಟ್ರದಲ್ಲಿ ವರ್ಷಕ್ಕೆ ಕೆಲವೇ ಸಾವಿರ ಹೆರಿಗೆಗಳು. ಐದು ಸಾವಿರ ಹೆರಿಗೆಗಳಲ್ಲಿ ಒಬ್ಬಳು ತೀರಿಕೊಂಡರೂ ಪ್ರಮಾಣ 20 ಆಗುತ್ತದೆ. ಯಾರೂ ಸಾಯದಿದ್ದರೆ ಸೊನ್ನೆ. ಕಾಸರಗೋಡು ಜಿಲ್ಲೆಯ ವರ್ಕಾಡಿಯಂಥ ಗ್ರಾಮ ಪಂಚಾಯಿತಿಗಂತೂ ಈ ಅಂಕಿ ಏನನ್ನೂ ಹೇಳದು. ಅಲ್ಲಿ ಸಾವನ್ನು ಎಣಿಸುವುದಕ್ಕಿಂತ ಓದಬೇಕಾಗುತ್ತದೆ.

ಕೇರಳದಲ್ಲಿ 2004ರಿಂದ ಪ್ರಸೂತಿತಜ್ಞರ ಒಕ್ಕೂಟವು ಸರ್ಕಾರದೊಡನೆ ಸೇರಿ ಮಾಡುತ್ತ ಬಂದದ್ದು ಇಂಥ ಓದನ್ನೇ. ತಾಯಿಯ, ವೈದ್ಯರ, ಆಸ್ಪತ್ರೆಯ ಹೆಸರುಗಳನ್ನು ಮರೆಮಾಡಿ ಒಂದೊಂದು ಸಾವಿನ ಕಥನವನ್ನೂ ಪರಿಶೀಲಿಸುವ ಕ್ರಮವದು. ಶಿಕ್ಷಿಸುವುದಲ್ಲ, ಕಲಿಯುವುದು ಅದರ ಉದ್ದೇಶ. ಅತಿರಕ್ತಸ್ರಾವ, ರಕ್ತದೊತ್ತಡದ ಏರಿಕೆ—ಮತ್ತೆ ಮತ್ತೆ ಎದುರಾಗುವ ಕಾರಣಗಳು ಇವು. ಇವುಗಳ ಹಿಂದೆ ಮೂರು ಬಗೆಯ ವಿಳಂಬಗಳಿರುತ್ತವೆಂದು ತಜ್ಞರು ಗುರುತಿಸಿದ್ದಾರೆ: ಹೊರಡಲು ನಿರ್ಧರಿಸುವಲ್ಲಿ, ಆಸ್ಪತ್ರೆಯನ್ನು ತಲುಪುವಲ್ಲಿ, ತಲುಪಿದ ಮೇಲೆ ಚಿಕಿತ್ಸೆ ದೊರೆಯುವಲ್ಲಿ.

ಎರಡನೆಯ ವಿಳಂಬ ಎಂಥದೆಂಬುದು ಗಡಿಯವರಿಗೆ ಗೊತ್ತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದರೂ ವರ್ಕಾಡಿ, ಮಂಜೇಶ್ವರಗಳ ಜನರಿಗೆ ದೊಡ್ಡಾಸ್ಪತ್ರೆಯೆಂದರೆ ಮಂಗಳೂರೇ ಆಗಿ ಉಳಿಯಿತು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಕರ್ನಾಟಕವು ಗಡಿ ಮುಚ್ಚಿದಾಗ ತಲಪಾಡಿಯಲ್ಲಿ ಆಂಬುಲೆನ್ಸುಗಳೂ ನಿಂತವು. ವಲಸೆ ಕಾರ್ಮಿಕ ಹೆಣ್ಣುಮಗಳೊಬ್ಬಳು ಆಂಬುಲೆನ್ಸಿನಲ್ಲೇ ಹೆತ್ತಳು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ರೋಗಿಗಳನ್ನು ಬಿಡುವ ಬಗ್ಗೆ ಒಪ್ಪಂದವಾಗಲು ಏಪ್ರಿಲ್ ಬರಬೇಕಾಯಿತು.

ರಸ್ತೆಯನ್ನು ತೆರೆಯಿಸಲು ನ್ಯಾಯಾಲಯಗಳಿವೆ. ಮೊದಲನೆಯ ವಿಳಂಬವನ್ನು ನೀಗಿಸಬೇಕಾದುದು ಮಾತು. ತುಳು, ಕನ್ನಡ, ಮಲಯಾಳ, ಕೊಂಕಣಿ, ಮರಾಠಿಗಳು ನೆರೆಹೊರೆಯಲ್ಲಿರುವ ಈ ನೆಲದಲ್ಲಿ ಎಚ್ಚರಿಕೆಯ ಮಾತು ಆಯಾ ಮನೆಯ ನುಡಿಯಲ್ಲೇ ಅಡುಗೆಮನೆಯವರೆಗೆ ತಲುಪಬೇಕು. ತಡೆಯಲಾಗದ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದಿಕೊಳ್ಳುವುದು, ನಿಲ್ಲದ ರಕ್ತಸ್ರಾವ, ಹೆರಿಗೆಯ ನಂತರದ ಜ್ವರ—ಇವುಗಳಲ್ಲಿ ಯಾವುದೇ ಕಂಡರೂ ಬೆಳಗಾಗಲೆಂದು ಕಾಯಬಾರದು. ಇಷ್ಟನ್ನು ಮನೆಯವರಿಗೆ ಅರ್ಥವಾಗುವಂತೆ ಹೇಳಬಲ್ಲ ಒಬ್ಬರು ಪ್ರತಿ ಮನೆಯಲ್ಲೂ ಇರಬೇಕು. ಭಾಷೆಯನ್ನು ಓದುತ್ತಿರುವ ಮಗಳೋ ಮಗನೋ ಆ ಒಬ್ಬರಾಗಬಹುದು.